ಒಂದೇ ಹೆಸರಿನ ಗಿರಿಗಳು

 

ಈ ಬಸದಿಯ ಪ್ರತಿಷ್ಠೆಯೊಡನೆ ಅದು ನಿಂತಿರುವ ಗುಡ್ಡಕ್ಕೂ ಹೊಸ ಹೆಸರನ್ನಿಡಬೇಕೆಂಬ ಸಲಹೆ ಸಮಿತಿಯ ಮುಂದಿದೆ. ಕೆಲವರು ಉದಯಗಿರಿಯೆಂದೂ ಕೆಲವರು ರತ್ನಗಿರಿಯೆಂದೂ ಸೂಚಿಸಿದ್ದಾರೆ. ಎರಡೂ ಮಂಗಳಕರವಾದ ಹೆಸರುಗಳೇ. ಆದರೆ ಇವನ್ನು ಹೊತ್ತ ಗಿರಿಗಳು ನಮ್ಮ ದೇಶದಲ್ಲಿ ಈಗಾಗಲೇ ಎಷ್ಟಿವೆಯೆಂಬುದನ್ನು ಸಭೆಯ ಗಮನಕ್ಕೆ ತರಬಯಸುತ್ತೇನೆ. ನಾನು ವಿದ್ವಾಂಸನಲ್ಲ. ವ್ಯಾಪಾರದವನಾದುದರಿಂದ, ವಿಳಾಸ ಅಸ್ಪಷ್ಟವಾದರೆ ಸರಕು ಎಲ್ಲಿ ಹೋಗಿ ಇಳಿಯುತ್ತದೆಂಬುದನ್ನು ಮಾತ್ರ ಬಲ್ಲೆ.

ಉದಯಗಿರಿಯೆಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಡಿಶಾದ ಭುವನೇಶ್ವರದ ಬಳಿಯ ಉದಯಗಿರಿ-ಖಂಡಗಿರಿಗಳು. ಕ್ರಿಸ್ತಪೂರ್ವದಲ್ಲಿ ಕಳಿಂಗವನ್ನಾಳಿದ ಖಾರವೇಲನು ಅಲ್ಲಿಯ ಹಾಥಿಗುಂಫೆಯಲ್ಲಿ 17 ಸಾಲುಗಳ ಶಾಸನವನ್ನು ಬರೆಸಿದ್ದಾನೆ. ಅರಹಂತರಿಗೂ ಸಿದ್ಧರಿಗೂ ನಮಸ್ಕರಿಸಿ ಆರಂಭವಾಗುವ ಆ ಶಾಸನವು, ನಂದರಾಜನು ಒಯ್ದಿದ್ದ ಕಳಿಂಗಜಿನನ ಬಿಂಬವನ್ನು ಮಗಧದಿಂದ ಮರಳಿ ತಂದ ಸಂಗತಿಯನ್ನು ಹೇಳುತ್ತದೆ. ಅದೇ ಮಗಧದ ರಾಜಗೃಹದಲ್ಲಿ, ಭಗವಾನ್ ಮಹಾವೀರರ ದಿವ್ಯಧ್ವನಿ ಮೊದಲು ಹೊರಹೊಮ್ಮಿದ ವಿಪುಲಾಚಲದೊಡನೆ ಎಣಿಸುವ ಐದು ಬೆಟ್ಟಗಳಲ್ಲಿ ಒಂದು ಉದಯಗಿರಿ, ಇನ್ನೊಂದು ರತ್ನಗಿರಿ! ಮೂರನೆಯ ಉದಯಗಿರಿ ಮಧ್ಯಪ್ರದೇಶದ ವಿದಿಶೆಯ ಬಳಿ ಇದೆ. ಗುಪ್ತರ ಕಾಲದ ವರಾಹಮೂರ್ತಿಗೆ ಅದು ಪ್ರಸಿದ್ಧ. ಅಲ್ಲಿಗೆ ಹೋಗುವ ನಮ್ಮವರು ವರಾಹನನ್ನು ನೋಡಿ ಹಿಂದಿರುಗಬಾರದು. 20ನೆಯ ಗುಹೆಯಲ್ಲಿ ಪಾರ್ಶ್ವನಾಥ ಬಿಂಬದ ಸ್ಥಾಪನೆಯನ್ನು ಹೇಳುವ, ಗುಪ್ತ ವರ್ಷ 106ರ, ಅಂದರೆ ಕ್ರಿ.ಶ. 425-26ರ ಶಾಸನವಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಒಡಿಶಾದಲ್ಲಿಯೇ ಜಾಜ್‌ಪುರ ಜಿಲ್ಲೆಯಲ್ಲಿ ಮತ್ತೊಂದು ಉದಯಗಿರಿ, ಅದಕ್ಕೆ ಸಮೀಪದಲ್ಲಿ ಒಂದು ರತ್ನಗಿರಿ. ಎರಡೂ ಬೌದ್ಧವಿಹಾರಗಳ ಅವಶೇಷಗಳುಳ್ಳ ಸ್ಥಳಗಳು. ವಾಹನ ನಡೆಸುವವನಿಗೆ ಬರಿಯ ಹೆಸರನ್ನು ಹೇಳಿ ನಿದ್ರಿಸಿದ ಯಾತ್ರಿಕನು ಎಲ್ಲಿ ಎಚ್ಚರಗೊಳ್ಳುವನೋ ಹೇಳಲಾಗದು. ಇನ್ನು ರತ್ನಗಿರಿಯ ವಿಷಯ. 1982ರಲ್ಲಿ 39 ಅಡಿಯ ಬಾಹುಬಲಿಯ ಪ್ರತಿಷ್ಠೆಯಾದ ಧರ್ಮಸ್ಥಳದ ಬೆಟ್ಟವೂ ರತ್ನಗಿರಿಯೇ. ಹಣ್ಣಿನ ವ್ಯಾಪಾರಿಗಳನ್ನು ಕೇಳಿದರೆ ಮಹಾರಾಷ್ಟ್ರದ ಮಾವಿನ ಊರನ್ನು ತೋರಿಸುತ್ತಾರೆ.

ಹೆಸರು ಒಂದಾದ ಮಾತ್ರಕ್ಕೆ ಇವುಗಳ ಚರಿತ್ರೆ ಒಂದಾಗದು. ಸೂರ್ಯನು ಮೂಡುವ ಬೆಟ್ಟವನ್ನು ಕವಿಗಳು ಉದಯಗಿರಿಯೆಂದು ಕರೆದರು. ಆ ಹೆಸರು ಎಲ್ಲಿಯೂ ಒಪ್ಪುತ್ತದೆ. ನನ್ನ ಆತಂಕ ಬೇರೆಯದು. ಹೊಸ ಹೆಸರು ಬಂದಾಗ ಹಳೆಯದು ಅಳಿಯುತ್ತದೆ. ಹಾಥಿಗುಂಫೆಯ ಶಾಸನವು ಆ ಬೆಟ್ಟವನ್ನು ಉದಯಗಿರಿಯೆನ್ನದೆ ಕುಮಾರೀಪರ್ವತವೆನ್ನುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಗೆ ಅಲ್ಲಿಯ ಪ್ರಾಚೀನ ಶಾಸನಗಳಲ್ಲಿ ಕಟವಪ್ರ, ಕಳ್ಬಪ್ಪು ಎಂಬ ಹೆಸರುಗಳಿವೆ. ಸಲ್ಲೇಖನವನ್ನು ಸ್ವೀಕರಿಸಿದ ತಪಸ್ವಿಗಳು ಏರಿದ್ದು ಆ ಕಳ್ಬಪ್ಪನ್ನು. ಕಲ್ಲಿನಲ್ಲಿ ಕೆತ್ತದೆ ಇದ್ದಿದ್ದರೆ ಆ ಹೆಸರು ಇಂದು ಯಾರಿಗೆ ತಿಳಿಯುತ್ತಿತ್ತು?

ಊರ ಹೆಸರುಗಳು ಪುನರಾವರ್ತನೆಯಾಗುವುದಿಲ್ಲವೆಂದು ನಾನು ವಾದಿಸುವುದಿಲ್ಲ. ಗೊಮ್ಮಟನು ನಿಂತಿರುವ ವಿಂಧ್ಯಗಿರಿಯು ಸ್ಥಳೀಯರಿಗೆ ದೊಡ್ಡಬೆಟ್ಟ; ನೀಲಗಿರಿಯ 2,637 ಮೀಟರ್ ಎತ್ತರದ ಶಿಖರವೂ ದೊಡ್ಡಬೆಟ್ಟವೇ. ನಮ್ಮ ಈ ಗುಡ್ಡವನ್ನು ದನ ಕಾಯುವವರೂ ಮುದುಕಿಯರೂ ಕಲ್ಲುಗುಡ್ಡವೆನ್ನುತ್ತಾರೆ. ಅಂಥವೂ ನಾಡಿನಲ್ಲಿ ಬೇಕಾದಷ್ಟಿರಬಹುದು. ಆದರೂ ಈ ಬಸದಿಗೆ ಕಲ್ಲು ಹೊತ್ತವರು ಆ ಹೆಸರಿನ ಗುಡ್ಡವನ್ನೇ ಏರಿದರು.

ಆದುದರಿಂದ ಸಮಿತಿಯವರಲ್ಲಿ ನನ್ನ ವಿನಂತಿ: ಯಾವ ಮಂಗಳನಾಮವನ್ನಾದರೂ ಆರಿಸಿರಿ, ಶಿಲಾಲೇಖದಲ್ಲಿ ಅದರ ಪಕ್ಕದಲ್ಲಿ ಕಲ್ಲುಗುಡ್ಡವೆಂದೂ ಅದರ ಕೆಳಗೆ ಗ್ರಾಮ, ತಾಲ್ಲೂಕು, ಜಿಲ್ಲೆಗಳನ್ನೂ ಕೆತ್ತಿಸಿರಿ. ಶಿಲ್ಪಿಗಳು ನಾಳೆಯೇ ಅಕ್ಷರಗಳನ್ನು ಆರಂಭಿಸುವವರಿದ್ದಾರೆ. ತೀರ್ಮಾನವು ಇಂದು ರಾತ್ರಿಯ ಸಭೆಯಲ್ಲಿಯೇ ಆಗುವುದು ಲೇಸು.