ತಗಡಿನ ಡಬ್ಬಿಯೊಳಗೊಂದು ಟಿ.ವಿ. ಪ್ರೇಷಕ



ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ತಗಡಿನ ಡಬ್ಬಿಯೊಂದು ಸಿಗುತ್ತದೆ. ಅದೇ ಆರ್.ಎಫ್. ಮಾಡ್ಯುಲೇಟರ್, ಅಂದರೆ ಒಂದು ಪುಟ್ಟ ಟಿ.ವಿ. ಪ್ರೇಷಕ. ಇಂಥದನ್ನು ಕೈಯಾರೆ ಕಟ್ಟುವ ಹುಮ್ಮಸ್ಸು ನಿಮ್ಮಲ್ಲಿ ಅನೇಕರಿಗೆ ಇದ್ದೀತು. ಆದರೆ ಅದಕ್ಕೆ ತಗಡಿನ ಹೊದಿಕೆ ಏಕೆ ಬೇಕು?

ಭಾರತದಲ್ಲಿ ಬಳಸಿದ ಪಾಲ್ ಪದ್ಧತಿಯ 4ನೇ ಚಾನೆಲ್ಲನ್ನೇ ನೋಡೋಣ. ಚಿತ್ರವನ್ನು ಹೊರುವ ಅಲೆಯ ಆವರ್ತನ 62.25 ಮೆಗಾಹರ್ಟ್ಸ್. ಅದನ್ನು ಹುಟ್ಟಿಸಲು ಒಂದು ಟ್ರಾನ್ಸಿಸ್ಟರ್, 33 ಪಿಕೋಫ್ಯಾರಡ್ ಕೆಪಾಸಿಟರ್, ಸುಮಾರು 0.2 ಮೈಕ್ರೋಹೆನ್ರಿಯ ಸುರುಳಿ ಸಾಕು. ಪೆನ್ಸಿಲ್ ಮೇಲೆ ತಾಮ್ರದ ತಂತಿಯನ್ನು ಆರೇಳು ಸುತ್ತು ಸುತ್ತಿದರೆ ಹೆಚ್ಚುಕಡಿಮೆ ಅಂಥ ಸುರುಳಿಯೇ! ಸುತ್ತುಗಳನ್ನು ಒತ್ತಾಗಿ ಸೇರಿಸಿದರೆ ಆವರ್ತನ ಇಳಿಯುತ್ತದೆ, ಬಿಡಿಸಿದರೆ ಏರುತ್ತದೆ. ಕೈ ಹತ್ತಿರ ತಂದರೂ ಅದು ಜಾರುತ್ತದೆ. ತಗಡಿಗೆ ಇದೊಂದು ಕಾರಣ.

ಈ ಅಲೆಯ ಬಲವನ್ನು ಚಿತ್ರಸಂಕೇತ ಏರಿಳಿಸುತ್ತದೆ. ಸೆಕೆಂಡಿಗೆ 25 ಚಿತ್ರ, ಚಿತ್ರಕ್ಕೆ 625 ಗೆರೆ. ಪ್ರತಿ ಗೆರೆಯ ಆರಂಭದ ಸಿಂಕ್ ಮಿಡಿತಕ್ಕೆ ಅಲೆ ಅತ್ಯಂತ ಬಲಶಾಲಿ, ಕಪ್ಪಿಗೆ ತುಸು ಕಡಿಮೆ, ಬಿಳಿಗೆ ಅತಿ ದುರ್ಬಲ. ತಲೆಕೆಳಗಾಗಿ ಕಾಣುವ ಈ ಏರ್ಪಾಡು ಜಾಣತನದ್ದೇ. ಬೀದಿಯಲ್ಲಿ ಸ್ಕೂಟರ್ ಹಾದಾಗ ಅದರ ಕಿಡಿ ಪರದೆಯ ಮೇಲೆ ಬಿಳಿ ಚುಕ್ಕೆಯಾಗದೆ, ಕಣ್ಣಿಗೆ ಅಷ್ಟಾಗಿ ಚುಚ್ಚದ ಕಪ್ಪು ಚುಕ್ಕೆಯಾಗುತ್ತದೆ. ಧ್ವನಿಗೆ ಬೇರೆಯೇ ಅಲೆ, 5.5 ಮೆಗಾಹರ್ಟ್ಸ್ ಮೇಲೆ.

ಇನ್ನು ತಗಡಿನ ಮುಖ್ಯ ಕಾರಣ. ಸರಳ ಮಂಡಲ ನಾವು ಕೇಳಿದ ಅಲೆಯೊಂದನ್ನೇ ಹುಟ್ಟಿಸುವುದಿಲ್ಲ. ಅದರ ಎರಡರಷ್ಟು, ಮೂರರಷ್ಟು ಆವರ್ತನದ ಅಲೆಗಳೂ ಜೊತೆಗೂಡುತ್ತವೆ. 62.25ರ ಎರಡರಷ್ಟು ಎಂದರೆ 124.5 ಮೆಗಾಹರ್ಟ್ಸ್. 118ರಿಂದ 137ರವರೆಗಿನ ಪಟ್ಟಿಯಲ್ಲಿ ವಿಮಾನ ಚಾಲಕರು ನಿಯಂತ್ರಣ ಗೋಪುರದೊಡನೆ ಮಾತನಾಡುತ್ತಾರೆ! ಮಹಡಿಯ ಮೇಲೆ ಆಂಟೆನಾ ಕಟ್ಟಿ ಆಂಪ್ಲಿಫೈಯರ್ ಸೇರಿಸಿದ ಹುಡುಗನ ಟಿ.ವಿ.ಯಲ್ಲಿ ಚಿತ್ರ ಸೊಗಸಾಗಿಯೇ ಬರುತ್ತದೆ. ಎರಡನೆಯ ಅಲೆ ಎಲ್ಲಿಗೆ ಹೋಯಿತೆಂಬುದು ಅವನಿಗೆ ಗೊತ್ತೇ ಆಗುವುದಿಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ ಪರವಾನಗಿ ಕೇಳಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಪ್ರಯೋಗ ಬೇಡವೆ? ಖಂಡಿತ ಬೇಕು, ಆಂಟೆನಾ ಮಾತ್ರ ಬೇಡ. ದೂರದರ್ಶನದ ಅನಲಾಗ್ ಪ್ರೇಷಕಗಳು ಬಹುಪಾಲು 2022ರ ವೇಳೆಗೆ ನಿಂತಿರುವುದರಿಂದ ಹಳೆಯ ಟಿ.ವಿ.ಗಳು ಮನೆಮನೆಯ ಅಟ್ಟ ಸೇರಿವೆ. ಅಂಥದೊಂದನ್ನು ಇಳಿಸಿ, ಹಿಂಬದಿಯ ಮುಚ್ಚಳ ತೆರೆಯದೆ, ಮಾಡ್ಯುಲೇಟರನ್ನು 75 ಓಮ್‌ನ ಕೇಬಲ್ಲಿನಿಂದ ಆಂಟೆನಾ ಕಿಂಡಿಗೆ ಜೋಡಿಸಿ. ಡಬ್ಬಿಯ ತಿರುಪನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ನಿಧಾನವಾಗಿ ತಿರುಗಿಸುತ್ತ ಹೋದರೆ, ಚಿತ್ರ ಓರೆಯಾಗಿ ಎಳೆದಾಡಿ, ಒಮ್ಮೆಲೇ ನಿಲ್ಲುತ್ತದೆ.