ಗರ್ಭಿಣಿಯ ಸಂಕಟವೂ ಮನೆಯವರ ಧರ್ಮವೂ

(ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಇಂತಹ ಮಂಗಲ ಸಮಯದಲ್ಲಿ ಬಸುರಿಯ ವಾಂತಿಯ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರಿಗೆ ತೋರಬಹುದು. ಆದರೆ ಇಲ್ಲಿ ನೆರೆದಿರುವ ನಾವೆಲ್ಲರೂ ಒಬ್ಬ ತಾಯಿಯು ಆ ಸಂಕಟವನ್ನು ಸಹಿಸಿದುದರಿಂದಲೇ ಈ ಉತ್ಸವವನ್ನು ಕಾಣಲು ಬಂದವರಲ್ಲವೆ?

ನಮ್ಮಲ್ಲಿ ಎಂಟನೆಯ ತಿಂಗಳಿನಲ್ಲಿ ಗುರುಗಳನ್ನು ಬಿಜಯಂಗೈಸಿ ಗರ್ಭಸ್ಥ ಶಿಶುವಿಗೆ ಲಿಂಗಸಂಸ್ಕಾರ ಮಾಡಿಸುವ ಸಂಪ್ರದಾಯವುಂಟು. ಇನ್ನೂ ಬೆಳಕು ಕಾಣದ ಜೀವಕ್ಕೂ ಧರ್ಮದಲ್ಲಿ ಸ್ಥಾನವುಂಟೆಂಬುದೇ ಅದರ ಭಾವ. ಆ ದಿನಗಳಲ್ಲಿ ಬಂಧುಬಳಗವೆಲ್ಲ ನೆರೆಯುತ್ತದೆ. ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ಬಯಸಿದ ಊಟ. ಸಂತೋಷವೇ ಸರಿ. ಆದರೆ ಅವಳು ಹೆಚ್ಚು ಬಳಲುವುದು ಮೊದಲ ಮೂರು ತಿಂಗಳಲ್ಲಿ. ಆಗ ಆರತಿಯಿಲ್ಲ, ಹೂಮಾಲೆಯಿಲ್ಲ. ಗರ್ಭವು ಕಣ್ಣಿಗೆ ಕಾಣದು. ಕಾಣುವ ಬಳಲಿಕೆಯನ್ನು ಸೋಮಾರಿತನವೆಂದು ಆಡಿಕೊಳ್ಳುವವರೂ ಉಂಟು.

ಇದು ಸೋಮಾರಿತನವಲ್ಲ, ನಟನೆಯೂ ಅಲ್ಲ. ನೂರು ಮಂದಿ ಗರ್ಭಿಣಿಯರಲ್ಲಿ ಸುಮಾರು ೭೦ ಮಂದಿಗೆ ಈ ಓಕರಿಕೆಯು ಬರುವುದು. ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ಮೊದಲಾಗಿ, ಒಂಬತ್ತನೆಯ ವಾರದ ಹೊತ್ತಿಗೆ ಬಲವಾಗಿ, ೧೬ರಿಂದ ೨೦ನೆಯ ವಾರದೊಳಗೆ ಬಹುಮಂದಿಗೆ ಇಳಿದುಹೋಗುತ್ತದೆ. ಮುಂಜಾನೆಯ ಸಂಕಟವೆಂದು ಕರೆದರೂ ಹಗಲಿರುಳೆನ್ನದೆ ಬರಬಹುದು. ನಮ್ಮ ಪ್ರಾಚೀನ ವೈದ್ಯಗ್ರಂಥಗಳು ವಾಂತಿಯನ್ನು ಗರ್ಭದ ಲಕ್ಷಣಗಳಲ್ಲಿಯೇ ಎಣಿಸಿವೆ. ೨೦೨೩ರಲ್ಲಿ ಪ್ರಕಟವಾದ ಸಂಶೋಧನೆಯು ಅದರ ಒಂದು ಮುಖ್ಯ ಕಾರಣವನ್ನು ತಿಳಿಸಿಕೊಟ್ಟಿತು. ಜಿ.ಡಿ.ಎಫ್. ೧೫ ಎಂಬ ರಸವು ಗರ್ಭದಿಂದ ತಾಯಿಯ ರಕ್ತವನ್ನು ಸೇರಿ ಅವಳ ಮೆದುಳನ್ನು ಮುಟ್ಟಿ ಓಕರಿಕೆಯನ್ನು ಹುಟ್ಟಿಸುತ್ತದೆ. ಬಸಿರಿಗೆ ಮೊದಲು ಯಾರ ದೇಹದಲ್ಲಿ ಆ ರಸವು ಕಡಮೆಯಾಗಿತ್ತೋ ಅವರಿಗೆ ಬಾಧೆ ಹೆಚ್ಚು. ಆದುದರಿಂದ ಅತ್ತೆಗೆ ಬಾರದ ಸಂಕಟವು ಸೊಸೆಗೆ ಬಂದರೆ ಅದು ಸೊಸೆಯ ತಪ್ಪಲ್ಲ.

ಬರಿಯ ಹೊಟ್ಟೆಯು ಈ ಬಾಧೆಯನ್ನು ಹೆಚ್ಚಿಸುವುದು. ಲಿಂಗಪೂಜೆಗೆ ಮುನ್ನ ಏನನ್ನೂ ಸೇವಿಸದ ನಿಷ್ಠಾವಂತ ತಾಯಂದಿರಿಗೆ ಇಲ್ಲಿಯೇ ಇಕ್ಕಟ್ಟು ಒದಗುತ್ತದೆ. ವಿಧಿಯನ್ನು ನಿರ್ಣಯಿಸುವ ಅಧಿಕಾರ ನನ್ನದಲ್ಲ. ಅದನ್ನು ಗುರುಗಳಲ್ಲಿ ಕೇಳತಕ್ಕದ್ದು. ನನ್ನ ಅರಿಕೆ ಇಷ್ಟೆ. ನಮ್ಮ ಲಿಂಗವು ದೂರದ ಗುಡಿಯಲ್ಲಿಲ್ಲ, ಅಂಗದ ಮೇಲೆಯೇ ಇದೆ. ಎದ್ದೊಡನೆ ಕುಳಿತಲ್ಲಿಯೇ ವಿಭೂತಿಯನ್ನು ಧರಿಸಿ, ಕರಸ್ಥಲದ ಲಿಂಗಕ್ಕೆ ಒಂದು ಹಿಡಿ ಚುರುಮುರಿಯನ್ನೋ ಒಂದು ಚೂರು ಖಡಕ್ ರೊಟ್ಟಿಯನ್ನೋ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಿದರೆ ನಿಷ್ಠೆಯೂ ಉಳಿಯಿತು, ಹೊಟ್ಟೆಯೂ ನಿಂತಿತು. ಸವಿಸ್ತರವಾದ ಪೂಜೆಯು ಸಂಕಟವಿಳಿದ ಮೇಲೆ ಆಗಬಹುದು. ಹೆರಿಗೆ ಮುಟ್ಟುಗಳ ಸೂತಕವನ್ನೇ ಅಲ್ಲಗಳೆದ ಶರಣರ ಮಾರ್ಗದಲ್ಲಿ ಬಸುರಿಯ ವಾಂತಿಯು ಪೂಜೆಗೆ ಅಡ್ಡಿಯಾದೀತೆ?

ಆಮೇಲೆಯೂ ಎರಡು ಹೊತ್ತು ಹೊಟ್ಟೆ ತುಂಬ ಉಣ್ಣುವುದಕ್ಕಿಂತ ಆರೇಳು ಬಾರಿ ಸ್ವಲ್ಪ ಸ್ವಲ್ಪವಾಗಿ ಉಣ್ಣುವುದು ಲೇಸು. ಗಂಜಿ, ಮಜ್ಜಿಗೆ, ಎಳನೀರು, ಉಪ್ಪು ಸಕ್ಕರೆ ಬೆರೆಸಿದ ನಿಂಬೆಯ ಪಾನಕ ಇವುಗಳನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಹಸಿಶುಂಠಿಯ ಕಷಾಯವು ಕೆಲವರಿಗೆ ಹಿತವಾಗುತ್ತದೆ. ಒಗ್ಗರಣೆಯ ಘಾಟು, ಊದುಬತ್ತಿಯ ಹೊಗೆ ಸೇರದವಳನ್ನು ಒಲೆಯ ಮುಂದೆ ಕೂಡಿಸಬಾರದು. ಪತಿಯು ಮುಂಜಾನೆ ಎದ್ದು ಆ ಹಿಡಿ ಚುರುಮುರಿಯನ್ನು ತಂದುಕೊಟ್ಟರೆ ಅವನ ಘನತೆಗೆ ಕುಂದಿಲ್ಲ, ಅದೂ ಕಾಯಕವೇ.

ಇಷ್ಟರಿಂದ ಹಿಡಿತಕ್ಕೆ ಬಾರದಿದ್ದರೆ ವೈದ್ಯರನ್ನು ಕಾಣಬೇಕು. ಬಿ ೬ ಜೀವಸತ್ವ, ಡಾಕ್ಸಿಲಮೀನ್ ಮೊದಲಾಗಿ ಬಹುಕಾಲದಿಂದ ಬಳಕೆಯಲ್ಲಿರುವ ಔಷಧಗಳನ್ನು ಅವರು ಕೊಡುವರು. ಆದರೆ ಕೇಳಿದವರ ಮಾತಿನಿಂದ ಅಂಗಡಿಯ ಗುಳಿಗೆಯನ್ನು ನುಂಗಬಾರದು. ೧೯೫೭ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ಗುಳಿಗೆಯನ್ನು ಅನೇಕ ಬಸುರಿಯರು ಓಕರಿಕೆಗೆಂದು ಸೇವಿಸಿದರು. ೧೯೬೧ರಲ್ಲಿ ಅದನ್ನು ಅಲ್ಲಿ ಹಿಂತೆಗೆದುಕೊಂಡರೂ, ಹಲವು ದೇಶಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಶಿಶುಗಳು ಅಂಗವೈಕಲ್ಯದಿಂದ ಹುಟ್ಟಿದವು. ಈ ಪಾಠವನ್ನು ಮರೆಯಲಾಗದು.

ನೂರಕ್ಕೆ ಒಬ್ಬಿಬ್ಬರಿಗೆ ಈ ವಾಂತಿಯು ಘೋರರೂಪವನ್ನು ತಾಳುವುದು. ಒಂದು ಹಗಲು ಒಂದು ರಾತ್ರಿ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರವು ಕಡಮೆಯಾಗಿ ಬಣ್ಣವು ಗಾಢವಾದರೆ, ಎದ್ದುನಿಂತಾಗ ಕಣ್ಣು ಕತ್ತಲೆಗೂಡಿದರೆ, ಮೈತೂಕ ಇಳಿಯುತ್ತ ಬಂದರೆ, ಜ್ವರ, ಹೊಟ್ಟೆನೋವು ಅಥವಾ ವಾಂತಿಯಲ್ಲಿ ರಕ್ತ ಕಂಡರೆ, ನಾಳೆ ನೋಡೋಣವೆನ್ನದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಬಹುದಿನದ ವಾಂತಿಯಿಂದ ಬಿ ೧ ಜೀವಸತ್ವವು ಬರಿದಾಗಿ ಮೆದುಳಿಗೂ ಕೇಡು ತಟ್ಟಬಹುದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ತಾಯಿ ಮಗು ಇಬ್ಬರೂ ಉಳಿಯುವರು. ಎಲ್ಲ ಬಸುರಿಯರಿಗೂ ಹೀಗೆಯೇ ಎಂಬ ಒಂದು ಉದಾಸೀನದ ಮಾತು ಒಂದು ಜೀವಕ್ಕೆ ಎರವಾದೀತು.

ಬಂಧುಗಳೇ, ಈ ಮಠದ ದಾಸೋಹದಲ್ಲಿ ಹಸಿದು ಬಂದವರನ್ನು ಯಾರೂ ನೀನಾರೆಂದು ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಉಣ್ಣಲಾರದೆ ಗೋಡೆಗೊರಗಿ ಕುಳಿತವಳೊಬ್ಬಳಿದ್ದರೆ ದಾಸೋಹವು ಅಲ್ಲಿಂದಲೇ ಮೊದಲಾಗಲಿ. ಎಂಟನೆಯ ತಿಂಗಳಿನಲ್ಲಿ ತೋರುವ ಆದರವನ್ನು ಎರಡನೆಯ ತಿಂಗಳಿನಲ್ಲಿಯೇ ತೋರೋಣ.