ತೊಗರಿ ಹೊಲಕ್ಕೊಂದು ಕಾವಲು ಕ್ಯಾಮೆರಾ



ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಎರೆ ಭೂಮಿಯಲ್ಲಿ ತೊಗರಿ ಒಂದು ಮುಖ್ಯ ಬೆಳೆ. ಇದರ ದೊಡ್ಡ ವೈರಿ ಕಾಯಿಕೊರಕ ಹುಳು. 1997-98ರಲ್ಲಿ ಈ ಹುಳುವಿನ ಹಾವಳಿಯಿಂದ ಅಂದಿನ ಗುಲ್ಬರ್ಗಾ ಜಿಲ್ಲೆಯ ರೈತರು ಭಾರಿ ನಷ್ಟ ಅನುಭವಿಸಿದರು. ಕಾಯಿಯೊಳಗೆ ಸೇರಿದ ಹುಳುವಿಗೆ ಔಷಧಿ ಸರಿಯಾಗಿ ತಾಗದು. ಆದುದರಿಂದ ಪತಂಗ ಬಂದ ಸುಳಿವು ಮೊದಲೇ ಸಿಗಬೇಕು.

ಇದಕ್ಕಾಗಿ ಎಕರೆಗೆ 2 ಮೋಹಕ ಬಲೆಗಳನ್ನು ಹಾಕುವುದುಂಟು. ಗಂಡು ಪತಂಗಗಳು ರಾತ್ರಿ ಬಂದು ಇದರಲ್ಲಿ ಬೀಳುತ್ತವೆ. ಆದರೆ ದೂರದ ಹೊಲಕ್ಕೆ ದಿನವೂ ಹೋಗಿ ಎಣಿಸುವುದು ಕಷ್ಟ. ಮೂರು ದಿನಕ್ಕೊಮ್ಮೆ ಹೋದರೆ ಒಟ್ಟು ಲೆಕ್ಕ ಸಿಗುವುದೇ ಹೊರತು, ಯಾವ ರಾತ್ರಿ ಹೆಚ್ಚಾಯಿತೆಂದು ತಿಳಿಯದು. ಇಲ್ಲಿ ಕ್ಯಾಮೆರಾ ನೆರವಾಗುತ್ತದೆ.

ಚೀಲದ ಬಲೆಯೊಳಗಿನ ಪತಂಗ ಕ್ಯಾಮೆರಾಕ್ಕೆ ಕಾಣದು. ಅಂಟು ಹಲಗೆಯ ಬಲೆ ಇಟ್ಟು, ಅದರ ಎದುರಿಗೆ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಗೂಟಕ್ಕೆ ಬಿಗಿಯಬೇಕು. ಅನೇಕ ಕ್ಯಾಮೆರಾಗಳಿಗೆ ದೂರದಿಂದ ಗುಂಡಿ ಒತ್ತುವ ತಂತಿಯ ಕಿಂಡಿ ಇರುತ್ತದೆ. ಅದರಲ್ಲಿ ಮೂರು ತಂತಿಗಳು: ಒಂದು ಸಾಮಾನ್ಯ, ಒಂದು ಫೋಕಸ್, ಒಂದು ಶಟರ್. ಫೋಕಸ್ ತಂತಿಯನ್ನೂ ನಂತರ ಶಟರ್ ತಂತಿಯನ್ನೂ ಸಾಮಾನ್ಯ ತಂತಿಗೆ ಮುಟ್ಟಿಸಿದರೆ ಚಿತ್ರ ಬೀಳುತ್ತದೆ.

ಮುಟ್ಟಿಸುವ ಕೆಲಸವನ್ನು ಆರ್ಡುಯಿನೊದಂಥ ಸಣ್ಣ ಮೈಕ್ರೋಕಂಟ್ರೋಲರ್ ಮಾಡುತ್ತದೆ. 2005ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗಾಗಿ ಆರಂಭವಾದ ಈ ಹಲಗೆಯನ್ನು ವಿದ್ಯುನ್ಮಾನದ ಪರಿಚಯವಿರುವ ಯುವಕರು ಕಲಿತು ಬಳಸಬಲ್ಲರು. ಕ್ಯಾಮೆರಾಕ್ಕೆ ಇದರ ತಂತಿಯನ್ನು ನೇರವಾಗಿ ಜೋಡಿಸಬಾರದು; ನಡುವೆ ಆಪ್ಟೋಕಪ್ಲರ್ ಇರಲಿ. ಅದು ಬೆಳಕಿನ ಮೂಲಕ ಸೂಚನೆ ದಾಟಿಸುವುದರಿಂದ ಎರಡರ ವಿದ್ಯುತ್ತು ಬೆರೆಯದು. ಗಡಿಯಾರದ ಬಿಡಿಭಾಗ ಸೇರಿಸಿ ದಿನವೂ ಬೆಳಕು ಹರಿದ ಮೇಲೆ ಒಂದು ಚಿತ್ರ ತೆಗೆಯುವಂತೆ ಅಳವಡಿಸಬಹುದು. ಕ್ಯಾಮೆರಾದ ದಿನಾಂಕ ಸರಿಪಡಿಸಿ, ಅದು ತಾನಾಗಿ ಆರಿಹೋಗುವ ವ್ಯವಸ್ಥೆಯನ್ನು ತೆಗೆದುಹಾಕಬೇಕು. ದಿನವಿಡೀ ಎಚ್ಚರವಿರುವ ಕ್ಯಾಮೆರಾದ ಬ್ಯಾಟರಿ ಬೇಗ ತೀರುವುದರಿಂದ ಸೌರಫಲಕವೂ ಹೊರಗಿನ ಬ್ಯಾಟರಿಯೂ ಬೇಕು. ಚಳಿಗಾಲದ ಇಬ್ಬನಿಯಿಂದ ಕಾಪಾಡಲು ಡಬ್ಬಿಯ ಮುಚ್ಚಿಗೆ ಅವಶ್ಯ.

ಇಂದಿನ ಚಿತ್ರದ ಎಣಿಕೆಯಲ್ಲಿ ನಿನ್ನೆಯದನ್ನು ಕಳೆದರೆ ಕಳೆದ ರಾತ್ರಿಯ ಲೆಕ್ಕ ಸಿಗುತ್ತದೆ. ಹಲಗೆ ತುಂಬಿದಾಗ ಬದಲಿಸಬೇಕು.

ಎಣಿಕೆ ಏರಿತೆಂದು ಕೂಡಲೇ ಔಷಧಿ ಹೊಡೆಯುವುದು ಸಲ್ಲದು. ಹೊಲಕ್ಕೆ ಇಳಿದು ಹೂ, ಮೊಗ್ಗುಗಳನ್ನು ಪರೀಕ್ಷಿಸಬೇಕು. ಗಿಡಕ್ಕೆ 2 ಮೊಟ್ಟೆ ಅಥವಾ 1 ಕೀಡೆ ಕಂಡರೆ ಹತೋಟಿಗೆ ತೊಡಗಬೇಕು. ಬೆಳೆದ ಕೀಡೆಗಳಿದ್ದರೆ ಕೆಳಗೆ ತಾಡಪಾಲು ಹಾಸಿ, ಗಿಡ ಅಲುಗಾಡಿಸಿ ಆರಿಸಿ ನಾಶಪಡಿಸಬಹುದು. ಕ್ಯಾಮೆರಾ ಕೊಡುವುದು ಎಚ್ಚರಿಕೆ ಮಾತ್ರ. ಬೆಳೆ ಉಳಿಸುವುದು ಸಕಾಲದಲ್ಲಿ ಹೊಲ ಸುತ್ತಿದ ರೈತನ ಕಣ್ಣು.